‘ಪಿಟಿ’ ಶಬ್ದವೂ ಅದರ ಬಳಗವೂ: ಕರುಣ, ಕರುಣೆ, ಮರುಕಗಳ ವಿವೇಚನೆ

ಇಂಗ್ಲಿಷ್ ಸಾಹಿತ್ಯವನ್ನು ಕನ್ನಡದ ಮೂಲಕ ವಿವರಿಸುವ ಉಪಾಧ್ಯಾಯರಿಗೆ ಕಠಿನಶಬ್ದಗಳಿಂದ ಅಷ್ಟಾಗಿ ತೊಂದರೆಯಿಲ್ಲ. ಅಂಥ ಶಬ್ದ ಎದುರಾದೊಡನೆ ಓದುವವನು ಎಚ್ಚರಗೊಂಡು ನಿಘಂಟನ್ನು ತೆರೆಯುತ್ತಾನೆ. ತೊಡಕು ಹುಟ್ಟುವುದು ಸುಲಭಶಬ್ದಗಳಿಂದ. ಪರಿಚಿತವೆಂಬ ಕಾರಣದಿಂದಲೇ ಇವುಗಳ ವಿಷಯದಲ್ಲಿ ವಿಚಾರ ನಿಂತುಹೋಗುತ್ತದೆ. ಕೈಗೆ ಸಿಕ್ಕಿದ ಮೊದಲನೆಯ ಕನ್ನಡ ಮಾತು ಅದರ ಸ್ಥಾನದಲ್ಲಿ ಕುಳಿತು, ಕಾಲಕ್ರಮದಲ್ಲಿ ಶಾಸ್ತ್ರದ ಪರಿಭಾಷೆಯೆಂಬ ಗೌರವವನ್ನೂ ಪಡೆದುಕೊಳ್ಳುತ್ತದೆ. ‘ಪಿಟಿ’ ಎಂಬುದು ಅಂತಹ ಶಬ್ದಗಳಲ್ಲೊಂದು.

ಗ್ರೀಕ್ ತತ್ತ್ವಜ್ಞನಾದ ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯ ೬ನೆಯ ಅಧ್ಯಾಯದಲ್ಲಿ ರುದ್ರನಾಟಕವು ಎರಡು ಭಾವಗಳನ್ನು ಕೆರಳಿಸಿ ಅವುಗಳ ಶೋಧನೆಯನ್ನು ಮಾಡುತ್ತದೆಂದು ಹೇಳಿದ್ದಾನೆ. ಇಂಗ್ಲಿಷಿನಲ್ಲಿ ಆ ಎರಡಕ್ಕೂ ‘ಪಿಟಿ’ ಮತ್ತು ‘ಫಿಯರ್’ ಎಂಬ ಶಬ್ದಗಳು ರೂಢವಾಗಿವೆ. ಬುಚರನು ೧೮೯೫ರಲ್ಲಿಯೂ ಬೈವಾಟರನು ೧೯೦೯ರಲ್ಲಿಯೂ ಪ್ರಕಟಿಸಿದ ಭಾಷಾಂತರಗಳು ಇವನ್ನೇ ಬಳಸಿವೆ. ಕನ್ನಡದಲ್ಲಿ ಇವುಗಳನ್ನು ಹೇಳಬೇಕಾದಾಗ ‘ಕರುಣ’ ಮತ್ತು ‘ಭಯಾನಕ’ ಎಂಬ ರಸಗಳ ಹೆಸರು ತಾನಾಗಿ ನಾಲಗೆಗೆ ಬರುತ್ತದೆ. ಆ ಒಂದು ಸಮೀಕರಣದಿಂದ ಎರಡು ಶಾಸ್ತ್ರಗಳಿಗೆ ಏಕಕಾಲದಲ್ಲಿ ಅನ್ಯಾಯವಾಗುವ ಸಂಭವವುಂಟು. ಅರಿಸ್ಟಾಟಲನ ಮಾತಿನಲ್ಲಿರುವ ಒಂದು ತೀರ್ಪು ಮರೆಯಾಗುತ್ತದೆ. ಭರತನ ಕರುಣಕ್ಕೆ ಆಧಾರವಾದ ಶೋಕವೂ ಮರೆಯಾಗುತ್ತದೆ. ಆದುದರಿಂದ ‘ಪಿಟಿ’ ಶಬ್ದವು ಎಲ್ಲಿಂದ ಬಂದಿತು, ಅದರ ನೆರೆಯಲ್ಲಿರುವ ‘ಮರ್ಸಿ’, ‘ಚ್ಯಾರಿಟಿ’, ‘ಕಂಪ್ಯಾಷನ್’, ‘ಸಿಂಪತಿ’ ಮೊದಲಾದ ಶಬ್ದಗಳಿಗೂ ಅದಕ್ಕೂ ಇರುವ ಭೇದವೇನು, ಕನ್ನಡದ ಯಾವ ಶಬ್ದ ಯಾವುದಕ್ಕೆ ಒಪ್ಪುವುದು ಎಂಬುದು ವಿಚಾರಾರ್ಹವಾಗಿದೆ.

೧. ‘ಪಿಟಿ’ಯ ವಂಶ

‘ಪಿಟಿ’ ಎಂಬುದು ಇಂಗ್ಲಿಷರ ಸ್ವಂತ ಶಬ್ದವಲ್ಲ. ಅದು ಹಳೆಯ ಫ್ರೆಂಚ್ ಭಾಷೆಯ ಮೂಲಕ ಬಂದುದು. ಅದರ ಮೂಲ ಲ್ಯಾಟಿನ್ನಿನ ‘ಪಿಯೆಟಾಸ್’. ರೋಮನರಲ್ಲಿ ಈ ಶಬ್ದಕ್ಕೆ ದುಃಖಿತರನ್ನು ಕಂಡು ಕರಗುವುದೆಂಬ ಅರ್ಥ ಪ್ರಧಾನವಾಗಿರಲಿಲ್ಲ. ದೇವತೆಗಳಿಗೆ, ತಂದೆತಾಯಿಗಳಿಗೆ, ದೇಶಕ್ಕೆ ಮನುಷ್ಯನು ಸಲ್ಲಿಸಬೇಕಾದ ನಿಷ್ಠೆಯೇ ಪಿಯೆಟಾಸ್. ವರ್ಜಿಲನು ತನ್ನ ಮಹಾಕಾವ್ಯದ ನಾಯಕನಾದ ಈನಿಯಸನಿಗೆ ಮತ್ತೆ ಮತ್ತೆ ಕೊಡುವ ವಿಶೇಷಣ ಇದೇ ಧಾತುವಿನದು. ಉರಿಯುತ್ತಿರುವ ಟ್ರಾಯ್ ಪಟ್ಟಣದಿಂದ ಮುದಿತಂದೆಯನ್ನು ಹೆಗಲ ಮೇಲೆ ಹೊತ್ತು ಹೊರಟವನು ಆತ. ಆ ಚಿತ್ರದಲ್ಲಿ ಪಿಯೆಟಾಸ್ ಎಂಬುದರ ಅರ್ಥವೆಲ್ಲ ಅಡಗಿದೆಯೆನ್ನಬಹುದು. ಕನ್ನಡದಲ್ಲಿ ಅದಕ್ಕೆ ಸಮೀಪವಾದುದು ‘ಭಕ್ತಿ’ ಅಥವಾ ‘ಧರ್ಮನಿಷ್ಠೆ’ಯೇ ಹೊರತು ‘ಕರುಣೆ’ಯಲ್ಲ.

ಕ್ರೈಸ್ತಮತವು ಹರಡಿದ ಬಳಿಕ, ಲ್ಯಾಟಿನ್ನಿನ ಉತ್ತರಕಾಲದಲ್ಲಿ, ಈ ಶಬ್ದವು ದೀನರ ವಿಷಯದಲ್ಲಿ ತೋರುವ ಮೃದುತ್ವವೆಂಬ ಅರ್ಥವನ್ನು ಪಡೆಯಿತು. ಇಟಲಿಯ ಭಾಷೆಯಲ್ಲಿ ‘ಪಿಯೆತಾ’ ಎಂದರೆ ಇಂದಿಗೂ ಮರುಕವೇ. ಮೈಕೆಲೇಂಜೆಲೊ ೧೫ನೆಯ ಶತಮಾನದ ಕೊನೆಯಲ್ಲಿ ಕಡೆದ, ಮಗನ ಕಳೇಬರವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಶಿಲ್ಪಕ್ಕೆ ಅದೇ ಹೆಸರು. ಇಂಗ್ಲಿಷಿನಲ್ಲಿ ಒಂದೇ ಮೂಲದಿಂದ ಎರಡು ರೂಪಗಳು ಬೆಳೆದುವು. ಬಹುಕಾಲ ಒಂದರ ಅರ್ಥ ಇನ್ನೊಂದರಲ್ಲಿ ಬೆರೆತಿದ್ದು, ಕಡೆಗೆ ‘ಪೈಯಟಿ’ ಎಂಬುದು ದೈವಭಕ್ತಿಗೂ ‘ಪಿಟಿ’ ಎಂಬುದು ಮರುಕಕ್ಕೂ ನಿಂತುವು. ಫ್ರೆಂಚಿನಲ್ಲಿಯೂ ಇದೇ ರೀತಿಯ ಜೋಡಿಯುಂಟು.

೧೪ನೆಯ ಶತಮಾನದ ಚಾಸರನಲ್ಲಿ ‘ಪಿಟಿ’ ಎಂಬುದು ಕುಲೀನಹೃದಯದ ಲಕ್ಷಣ. ಒರಟನಿಗೆ ಅದು ಸುಲಭವಲ್ಲ, ಸಂಸ್ಕಾರವಂತನಿಗೆ ಸಹಜ. ಈ ಭಾವವನ್ನು ಆತನು ತನ್ನ ಹಲವು ಕಥೆಗಳಲ್ಲಿ ಹೆಚ್ಚುಕಡಿಮೆ ಅವೇ ಮಾತುಗಳಲ್ಲಿ ಹೇಳಿದ್ದಾನೆ. ವೀರರ ಕಥೆಯಲ್ಲಿ ಗಂಭೀರವಾಗಿ ಬಂದ ಆ ಮಾತೇ, ವೃದ್ಧಪತಿಯನ್ನು ವಂಚಿಸುವ ತರುಣಿಯ ಕಥೆಯಲ್ಲಿ ವ್ಯಂಗ್ಯವಾಗಿ ಬಂದಿರುವುದು ಗಮನಾರ್ಹ. ಆ ಕಾಲದ ಪ್ರಣಯಕಾವ್ಯಗಳಲ್ಲಿ ಪ್ರಿಯನು ಪ್ರೇಯಸಿಯಿಂದ ಬೇಡುವುದೂ ‘ಪಿಟಿ’ಯನ್ನೇ, ಅಲ್ಲಿ ಅದಕ್ಕೆ ‘ಒಲಿಯುವಿಕೆ’ ಎಂಬ ಅರ್ಥ.

ಮುಂದೆ ಈ ಶಬ್ದದ ಬೆಲೆ ಇಳಿಯತೊಡಗಿತು. ‘ಪಿಟಿಫುಲ್’ ಎಂಬ ವಿಶೇಷಣದ ಚರಿತ್ರೆ ಇದಕ್ಕೆ ಸಾಕ್ಷಿ. ೧೬೧೧ರ ಬೈಬಲ್ ಭಾಷಾಂತರದಲ್ಲಿ ಈ ಶಬ್ದಕ್ಕೆ ‘ಮರುಕವುಳ್ಳ’ ಎಂದು ಅರ್ಥ. ದೇವರಿಗೂ ಅದು ವಿಶೇಷಣವಾಗಿದೆ. ೧೮೮೧ರಲ್ಲಿ ಹೊಸ ಒಡಂಬಡಿಕೆಯನ್ನು ಪರಿಷ್ಕರಿಸಿದ ವಿದ್ವಾಂಸರು ಅಂಥ ಸ್ಥಳಗಳಲ್ಲಿ ಬೇರೆ ಶಬ್ದಗಳನ್ನು ಹಾಕಬೇಕಾಯಿತು. ಅಷ್ಟು ಹೊತ್ತಿಗೆ ಅದರ ಅರ್ಥವು ‘ಮರುಕವುಳ್ಳ’ ಎಂಬುದರಿಂದ ‘ಮರುಕಕ್ಕೆ ಪಾತ್ರವಾದ’ ಎಂಬುದಕ್ಕೂ, ಅಲ್ಲಿಂದ ‘ಹೀನವಾದ, ಯಾವ ಲೆಕ್ಕಕ್ಕೂ ಬಾರದ’ ಎಂಬುದಕ್ಕೂ ಜಾರಿತ್ತು. ಮರುಗುವವನಿಂದ ಮರುಕಕ್ಕೆ ಪಾತ್ರನಾದವನಿಗೆ, ಅವನಿಂದ ತಿರಸ್ಕೃತನಿಗೆ, ಹೀಗೆ ಒಂದೇ ಶಬ್ದ ಮೂರು ಮೆಟ್ಟಿಲು ಇಳಿದಿದೆ. ಇದರ ಕಾರಣ ಆ ಭಾವದೊಳಗೇ ಇರುವಂತೆ ತೋರುತ್ತದೆ. ಮರುಗುವವನು ದಡದ ಮೇಲಿರುತ್ತಾನೆ, ದುಃಖಿಯು ನೀರಿನಲ್ಲಿರುತ್ತಾನೆ. ಮೇಲಿನಿಂದ ಕೆಳಗೆ ನೋಡುವ ದೃಷ್ಟಿಯಲ್ಲಿ ತಿರಸ್ಕಾರಕ್ಕೆ ಎಡೆ ಸಿಗುವುದು ಕಷ್ಟವಲ್ಲ. ಇಂದಿನ ಇಂಗ್ಲಿಷಿನಲ್ಲಿ ಸ್ವಾಭಿಮಾನಿಯೊಬ್ಬನು ‘ನನಗೆ ಯಾರ ಪಿಟಿಯೂ ಬೇಡ’ ಎಂದು ಹೇಳುವುದು ಇದಕ್ಕಾಗಿಯೇ.

ಕವಿಗಳಿಗೆ ಈ ಇಬ್ಬಂದಿತನ ತಿಳಿದಿತ್ತು. ಬ್ಲೇಕನು ೧೭೮೯ರ ತನ್ನ ಮುಗ್ಧತೆಯ ಗೀತಗಳಲ್ಲಿ ಪಿಟಿಯನ್ನು ದಿವ್ಯಗುಣಗಳಲ್ಲೊಂದಾಗಿ ಹಾಡಿ, ೧೭೯೪ರ ಅನುಭವದ ಗೀತಗಳಲ್ಲಿ, ಲೋಕದಲ್ಲಿ ಬಡವರನ್ನು ಸೃಷ್ಟಿಸಿದವರೇ ಇಲ್ಲದಿದ್ದರೆ ಪಿಟಿಗೆ ಸ್ಥಳವೇ ಇರುತ್ತಿರಲಿಲ್ಲವೆಂಬ ಕಹಿಯಾದ ಅಭಿಪ್ರಾಯವನ್ನು ಎತ್ತಿದ್ದಾನೆ. ಒಬ್ಬನೇ ಕವಿ, ಒಂದೇ ಶಬ್ದ, ನಡುವೆ ಐದು ವರ್ಷ. ಎರಡು ಕವಿತೆಗಳನ್ನೂ ಬೋಧಿಸುವವನು ಎರಡು ಕಡೆಗೂ ‘ಕರುಣೆ’ಯೆಂದು ಬರೆದುಬಿಟ್ಟರೆ ಎರಡನೆಯದರ ಮೊನೆ ಮೊಂಡಾಗುತ್ತದೆ.

೨. ‘ಮರ್ಸಿ’, ‘ಚ್ಯಾರಿಟಿ’, ‘ಆಮ್ಸ್’

‘ಮರ್ಸಿ’ಯ ವಂಶವು ಇನ್ನೂ ಆಶ್ಚರ್ಯಕರ. ಲ್ಯಾಟಿನ್ನಿನ ‘ಮೆರ್ಕೇಸ್’ ಎಂದರೆ ಕೂಲಿ, ಬೆಲೆ, ಪ್ರತಿಫಲ. ಸರಕೆಂಬ ಅರ್ಥದ ‘ಮೆರ್ಕ್ಸ್’ ಅದರ ಬಂಧು. ‘ಮರ್ಚೆಂಟ್’, ‘ಕಾಮರ್ಸ್’, ‘ಮಾರ್ಕೆಟ್’ ಎಲ್ಲವೂ ಅದೇ ಮನೆತನದವು. ಪ್ರತಿಫಲ ಬಯಸದೆ ಒಳಿತು ಮಾಡಿದವನಿಗೆ ಸ್ವರ್ಗದಲ್ಲಿ ದೊರೆಯುವ ಪ್ರತಿಫಲವೆಂಬ ಭಾವನೆಯ ಮೂಲಕ, ಕ್ರೈಸ್ತರ ಲ್ಯಾಟಿನ್ನಿನಲ್ಲಿ ಅದು ದೇವರ ಕೃಪೆಯನ್ನೂ ಮನುಷ್ಯನ ದಯೆಯನ್ನೂ ಸೂಚಿಸುವಂತಾಯಿತು. ಅದೇ ಶಬ್ದ ಫ್ರೆಂಚಿನಲ್ಲಿ ಇಂದು ಕೃತಜ್ಞತೆಯನ್ನು ಹೇಳುವ ಮಾತಾಗಿದೆ. ಷೇಕ್ಸ್‌ಪಿಯರನ ವೆನಿಸ್ಸಿನ ವರ್ತಕನ ನಾಟಕದಲ್ಲಿ ‘ಮರ್ಚೆಂಟ್’ ಎಂಬುದು ಹೆಸರಿನಲ್ಲಿಯೂ ‘ಮರ್ಸಿ’ ಎಂಬುದು ನಾಲ್ಕನೆಯ ಅಂಕದ ನ್ಯಾಯಸಭೆಯಲ್ಲಿಯೂ ನಿಂತಿವೆ. ಒಂದು ಬೆಲೆಯನ್ನು ಪಡೆಯುವುದು, ಮತ್ತೊಂದು ಬೆಲೆಯನ್ನು ಬಿಡುವುದು. ಹುಟ್ಟಿದ್ದು ಮಾತ್ರ ಒಂದೇ ಅಂಗಡಿಯಲ್ಲಿ.

‘ಪಿಟಿ’ಗೂ ‘ಮರ್ಸಿ’ಗೂ ಇರುವ ಮುಖ್ಯಭೇದ ಅಧಿಕಾರದ್ದು. ಪಿಟಿಗೆ ಕಣ್ಣಿದ್ದರೆ ಸಾಕು; ಮರ್ಸಿಗೆ ಕೈಯಲ್ಲಿ ಶಕ್ತಿಯಿರಬೇಕು. ದಂಡಿಸಬಲ್ಲವನು ದಂಡಿಸದೆ ಬಿಟ್ಟರೆ ಮರ್ಸಿ. ಬೀದಿಯಲ್ಲಿ ಬಿದ್ದವನನ್ನು ಕಂಡು ದಾರಿಹೋಕನು ಪಿಟಿಯನ್ನು ಪಡಬಹುದು, ಮರ್ಸಿಯನ್ನು ತೋರಲಾರ. ಕನ್ನಡದ ಆಧುನಿಕ ವ್ಯವಹಾರವು ಈ ಶಬ್ದವನ್ನು ಸಂದರ್ಭಕ್ಕೆ ತಕ್ಕಂತೆ ಒಡೆದುಕೊಂಡಿರುವುದು ಪ್ರಶಂಸನೀಯ. ಭಾರತ ಸಂವಿಧಾನದ ೭೨ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳಿಗೆ ಸಲ್ಲಿಸುವ ಮನವಿ ‘ಕ್ಷಮಾದಾನದ ಅರ್ಜಿ’. ವಾಸಿಯಾಗದ ರೋಗಿಯ ನೋವನ್ನು ಕೊನೆಗಾಣಿಸುವ ಸಾವು ‘ದಯಾಮರಣ’. ಇಂಗ್ಲಿಷಿನಲ್ಲಿ ಎರಡೂ ಮರ್ಸಿಯೇ. ಕೀಟ್ಸನು ೧೮೧೯ರಲ್ಲಿ ಬರೆದ ಪ್ರಸಿದ್ಧ ಕವಿತೆಯೊಂದರ ಫ್ರೆಂಚ್ ಶೀರ್ಷಿಕೆಯು ೧೪೨೪ರಲ್ಲಿ ಆಲಾನ್ ಶಾರ್ತಿಯೆ ಬರೆದ ಕವಿತೆಯಿಂದ ತೆಗೆದುದು. ಅಲ್ಲಿಯ ‘ಮೆರ್ಸಿ’ಗೆ ಕ್ಷಮೆಯೂ ಅಲ್ಲ, ಕೃತಜ್ಞತೆಯೂ ಅಲ್ಲ, ಪ್ರಣಯಿಗೆ ಒಲಿಯುವ ಕೃಪೆಯೆಂದು ಅರ್ಥ.

‘ಚ್ಯಾರಿಟಿ’ಯ ಮೂಲ ಲ್ಯಾಟಿನ್ನಿನ ‘ಕಾರಿಟಾಸ್’. ಪ್ರಿಯತೆ, ಪ್ರೀತಿ ಎಂದು ಅದರ ಅರ್ಥ. ಬೈಬಲ್ಲಿನ ಭಾಷಾಂತರದಲ್ಲಿ ಅದರ ಬದಲು ‘ಲವ್’ ಎಂದು ಟಿಂಡೇಲನು ೧೫೨೬ರಲ್ಲಿ ಬಳಸಿದುದಕ್ಕೆ ಸರ್ ತಾಮಸ್ ಮೋರನು ತೀವ್ರವಾಗಿ ಆಕ್ಷೇಪಿಸಿದನು. ೧೬೧೧ರ ಭಾಷಾಂತರವು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ೧೩ನೆಯ ಅಧ್ಯಾಯದಲ್ಲಿ ಮತ್ತೆ ‘ಚ್ಯಾರಿಟಿ’ಯನ್ನು ತಂದಿತು, ೧೮೮೧ರ ಪರಿಷ್ಕಾರವು ಮತ್ತೆ ‘ಲವ್’ ಎಂಬುದನ್ನು ಇರಿಸಿತು. ಈ ನಡುವೆ ‘ಚ್ಯಾರಿಟಿ’ಯು ದಾನಧರ್ಮವೆಂಬ ಅರ್ಥಕ್ಕೆ ಕುಗ್ಗಿಹೋಗಿತ್ತು. ಭಿಕ್ಷೆಯೆಂಬ ಅರ್ಥದ ‘ಆಮ್ಸ್’ ಎಂಬ ಪುಟ್ಟ ಶಬ್ದದ ಕಥೆ ಪ್ರಕೃತಕ್ಕೆ ಇನ್ನೂ ಸಂಬಂಧಿಸಿದುದು. ಅದು ಗ್ರೀಕಿನ ‘ಎಲೆಯೆಮೊಸೂನೆ’ ಎಂಬ ದೀರ್ಘಶಬ್ದವು ಸವೆದು ಉಳಿದ ಚೂರು. ಅದರ ಪ್ರಕೃತಿ ‘ಎಲೆಯೊಸ್’. ಅರಿಸ್ಟಾಟಲನು ರುದ್ರನಾಟಕದ ಪ್ರಸಂಗದಲ್ಲಿ ಬಳಸಿದ ಶಬ್ದ ಇದೇ. ಹೀಗೆ ರಂಗಭೂಮಿಯ ಮುಂದೆ ಕುಳಿತ ಆಥೆನ್ಸಿನ ನಾಗರಿಕನ ಭಾವವೂ ದೇವಾಲಯದ ಬಾಗಿಲಿನಲ್ಲಿ ಹಾಕುವ ಕಾಸೂ ಒಂದೇ ಬೇರಿನವಾದುವು.

೩. ‘ರೂತ್’, ‘ಕಂಪ್ಯಾಷನ್’, ‘ಸಿಂಪತಿ’, ‘ಎಂಪತಿ’

ಈ ಶಬ್ದಗಳೆಲ್ಲ ಹೊರಗಿನಿಂದ ಬರುವ ಮೊದಲು ಇಂಗ್ಲಿಷರಿಗೆ ಸ್ವಂತ ಮಾತು ಇರಲಿಲ್ಲವೆಂದಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಮೃದುಹೃದಯತೆ’ ಎಂದು ಅಕ್ಷರಶಃ ಅರ್ಥವಾಗುವ ಸಮಾಸವೊಂದಿತ್ತು, ಅದು ಅಳಿದುಹೋಯಿತು. ಪಶ್ಚಾತ್ತಾಪ ಪಡು, ಮರುಗು ಎಂಬ ಅರ್ಥದ ‘ರೂ’ ಧಾತುವಿನಿಂದ ಬಂದ ‘ರೂತ್’ ಎಂಬುದು ಮಿಲ್ಟನ್ನನ ಕಾಲದವರೆಗೂ ಕಾವ್ಯದಲ್ಲಿ ಬದುಕಿತ್ತು. ಇಂದು ‘ರೂತ್‌ಲೆಸ್’ ಎಂಬ ನಿಷೇಧರೂಪ ಮಾತ್ರ ಬಳಕೆಯಲ್ಲಿದೆ. ಮರುಕದ ಹೆಸರು ಹೋಗಿ ಮರುಕವಿಲ್ಲದಿರುವುದರ ಹೆಸರು ಉಳಿದುದು ಭಾಷೆಯ ವಿಚಿತ್ರಗಳಲ್ಲೊಂದು.

‘ಕಂಪ್ಯಾಷನ್’ ಎಂಬುದು ಕ್ರೈಸ್ತರ ಲ್ಯಾಟಿನ್ನಿನಿಂದ ಬಂದುದು. ‘ಜೊತೆಯಲ್ಲಿ’ ಎಂಬ ಅರ್ಥದ ಉಪಸರ್ಗವೂ ‘ಅನುಭವಿಸು, ನೋಯು’ ಎಂಬ ಧಾತುವೂ ಸೇರಿ ಅದು ಆಗಿದೆ. ಗ್ರೀಕಿನ ‘ಸಿಂಪತಿ’ಯ ಘಟನೆಯೂ ಹಾಗೆಯೇ. ಸಂಸ್ಕೃತದ ‘ಅನುಕಂಪ’ವು ಇವುಗಳಿಗಿಂತ ಒಂದು ಹೆಜ್ಜೆ ಸ್ಪಷ್ಟ: ಒಬ್ಬನು ನಡುಗಿದರೆ ಅವನನ್ನು ಅನುಸರಿಸಿ ಇನ್ನೊಬ್ಬನೂ ನಡುಗುವುದು. ರಚನೆ ಒಂದೇ ಆದರೂ ಇಂಗ್ಲಿಷಿನ ಎರಡು ಶಬ್ದಗಳ ದಾರಿ ಬೇರೆಯಾಯಿತು. ೧೬, ೧೭ನೆಯ ಶತಮಾನಗಳಲ್ಲಿ ‘ಸಿಂಪತಿ’ಯೆಂದರೆ ವಸ್ತುಗಳ ನಡುವಣ ಗೂಢವಾದ ಆಕರ್ಷಣೆಯೂ ಆಗಿತ್ತು. ಸರ್ ಕೆನೆಲ್ಮ್ ಡಿಗ್ಬಿ ಎಂಬಾತನು, ಗಾಯದ ರಕ್ತ ಸೋಕಿದ ಬಟ್ಟೆಗೆ ಪುಡಿ ಹಚ್ಚಿದರೆ ದೂರದಲ್ಲಿರುವ ಗಾಯವೇ ಮಾಯುವುದೆಂದು ವಾದಿಸಿದನು. ೧೬೫೮ರಲ್ಲಿ ಪ್ರಕಟವಾದ ಆತನ ಉಪನ್ಯಾಸದಲ್ಲಿ ಆ ಪುಡಿಗೆ ಸಿಂಪತಿಯ ಪುಡಿಯೆಂದೇ ಹೆಸರು. ೧೭೫೯ರಲ್ಲಿ ಆಡಂ ಸ್ಮಿತ್ತನು ತನ್ನ ನೀತಿಭಾವಗಳ ಗ್ರಂಥದಲ್ಲಿ ಈ ಶಬ್ದಕ್ಕೆ ಶಾಸ್ತ್ರೀಯವಾದ ಎಲ್ಲೆಯನ್ನು ಹಾಕಿದನು. ಪಿಟಿ ಮತ್ತು ಕಂಪ್ಯಾಷನ್‌ಗಳು ಇತರರ ದುಃಖದಲ್ಲಿ ಭಾಗಿಯಾಗುವುದಕ್ಕೆ ಮಾತ್ರ ಸಲ್ಲುವುವು. ಸಿಂಪತಿಯಾದರೋ ಇತರರ ಯಾವ ಭಾವದಲ್ಲಿ ಭಾಗಿಯಾದರೂ ಸಲ್ಲುವುದೆಂದು ಆತನ ಮತ. ಇತರರ ಸಂತೋಷದಲ್ಲಿ ಪಾಲುಗೊಳ್ಳುವವನಿಗೆ ಸಿಂಪತಿಯಿದೆ, ಪಿಟಿಯಿಲ್ಲ. ಕನ್ನಡದ ‘ಸಹಾನುಭೂತಿ’ಯು ಘಟನೆಯಲ್ಲಿ ಈ ವಿಶಾಲಾರ್ಥಕ್ಕೆ ತಕ್ಕುದಾಗಿದ್ದರೂ ರೂಢಿಯಲ್ಲಿ ದುಃಖದ ಕಡೆಗೇ ವಾಲಿದೆ.

ಬಳಗದಲ್ಲಿ ಕಿರಿಯದು ‘ಎಂಪತಿ’. ಜರ್ಮನರ ಸೌಂದರ್ಯಮೀಮಾಂಸೆಯಲ್ಲಿ ‘ಒಳಹೊಕ್ಕು ಅನುಭವಿಸುವುದು’ ಎಂಬರ್ಥದ ಶಬ್ದವೊಂದು ೧೯ನೆಯ ಶತಮಾನದಲ್ಲಿ ಪ್ರಚಾರಕ್ಕೆ ಬಂದಿತು. ಅದಕ್ಕೆ ಸಮಾನವಾಗಿ ಟಿಚ್ನರನೆಂಬ ಮನಶ್ಶಾಸ್ತ್ರಜ್ಞನು ೧೯೦೯ರಲ್ಲಿ ಗ್ರೀಕ್ ಅಂಶಗಳಿಂದ ಇದನ್ನು ಕಟ್ಟಿದನು. ಪಿಟಿಯಲ್ಲಿ ನೋಡುವವನೂ ನೋಯುವವನೂ ಎರಡು ಕಡೆ ನಿಂತಿರುತ್ತಾರೆ, ಕಂಪ್ಯಾಷನ್‌ನಲ್ಲಿ ಅಕ್ಕಪಕ್ಕದಲ್ಲಿರುತ್ತಾರೆ, ಎಂಪತಿಯಲ್ಲಿ ಒಬ್ಬನು ಇನ್ನೊಬ್ಬನ ಒಳಗೆ ಪ್ರವೇಶಿಸುತ್ತಾನೆ. ಈ ಅಂತರದ ತಾರತಮ್ಯವೇ ಬಳಗವನ್ನು ಬಿಡಿಸುವ ಕೀಲಿಕೈಯೆನ್ನಬಹುದು.

೪. ಅರಿಸ್ಟಾಟಲನ ‘ಎಲೆಯೊಸ್’

ಅರಿಸ್ಟಾಟಲನು ಕಾವ್ಯಮೀಮಾಂಸೆಯ ೧೩ನೆಯ ಅಧ್ಯಾಯದಲ್ಲಿ ಎಲೆಯೊಸ್ ಹುಟ್ಟುವುದು ಅನರ್ಹವಾದ ಕೇಡಿಗೆ ತುತ್ತಾದವನನ್ನು ಕಂಡಾಗ, ಭಯ ಹುಟ್ಟುವುದು ಆ ಕೇಡು ಪ್ರೇಕ್ಷಕನನ್ನು ಹೋಲುವವನಿಗೆ ಬಂದಾಗ ಎಂದು ವಿಂಗಡಿಸಿದ್ದಾನೆ. ವಾಗ್ಮಿತೆಯನ್ನು ಕುರಿತ ಗ್ರಂಥದ ಎರಡನೆಯ ಭಾಗದ ೮ನೆಯ ಅಧ್ಯಾಯದಲ್ಲಿ ಲಕ್ಷಣ ಇನ್ನೂ ಪೂರ್ಣವಾಗಿದೆ. ಅಲ್ಲಿ ಮೂರು ನಿಯಮಗಳು ಕಾಣುತ್ತವೆ. ಬಂದ ಕೇಡು ದೊಡ್ಡದಾಗಿರಬೇಕು. ಅದನ್ನು ಅನುಭವಿಸುವವನು ಅದಕ್ಕೆ ಅರ್ಹನಾಗಿರಬಾರದು. ಅಂಥದು ತನಗಾಗಲಿ ತನ್ನವರಿಗಾಗಲಿ ಬರಬಹುದೆಂದು ನೋಡುವವನಿಗೆ ತೋರಬೇಕು. ಆದುದರಿಂದಲೇ ಸರ್ವಸ್ವವನ್ನೂ ಕಳೆದುಕೊಂಡವನಲ್ಲಿ ಈ ಭಾವ ಹುಟ್ಟದು, ಅವನಿಗೆ ಇನ್ನು ಬರತಕ್ಕ ಕೇಡು ಇಲ್ಲ; ತನಗೆ ಯಾವ ಕೇಡೂ ತಟ್ಟದೆಂದು ಮದಿಸಿದವನಲ್ಲಿಯೂ ಹುಟ್ಟದು.

ಅತಿ ಸಮೀಪದವರ ವಿಷಯದಲ್ಲಿಯೂ ಎಲೆಯೊಸ್ ಹುಟ್ಟುವುದಿಲ್ಲವೆಂಬುದು ಆತನ ಸೂಕ್ಷ್ಮವಾದ ಮಾತು. ಇದಕ್ಕೆ ಈಜಿಪ್ಟಿನ ರಾಜನೊಬ್ಬನ ಕಥೆಯನ್ನು ಉದಾಹರಿಸಿದ್ದಾನೆ. ಮಗನನ್ನು ಕೊಲೆಗೆ ಎಳೆದೊಯ್ಯುವಾಗ ಅಳದಿದ್ದ ರಾಜನು ಸ್ನೇಹಿತನೊಬ್ಬನು ಭಿಕ್ಷೆ ಬೇಡುವುದನ್ನು ಕಂಡು ಅತ್ತನು. ಹೆರೊಡೋಟಸನ ಇತಿಹಾಸದ ಮೂರನೆಯ ಭಾಗದಲ್ಲಿ ಈ ಕಥೆ ಸಮ್ಮೆನಿಟಸನೆಂಬ ರಾಜನದು; ಅರಿಸ್ಟಾಟಲನು ಅಮಾಸಿಸನ ಹೆಸರನ್ನು ಹೇಳಿದ್ದಾನೆ. ಹೆಸರು ಯಾರದಾದರೂ ತತ್ತ್ವ ಒಂದೇ: ಮಗನ ಕೇಡು ತನ್ನದೇ ಕೇಡು, ಅದು ದಾರುಣ, ಸ್ನೇಹಿತನ ಕೇಡು ಇನ್ನೊಬ್ಬನದು, ಅಲ್ಲಿ ಎಲೆಯೊಸ್. ದಾರುಣವಾದುದು ಎಲೆಯೊಸನ್ನು ಓಡಿಸಿಬಿಡುತ್ತದೆಂದು ಆತನು ಸ್ಪಷ್ಟವಾಗಿ ಹೇಳಿದ್ದಾನೆ. ಹೀಗೆ ಈ ಭಾವದಲ್ಲಿ ಕಣ್ಣೀರಿನ ಜೊತೆಗೆ ತೀರ್ಪೂ ಉಂಟು, ಸಂಬಂಧದ ಜೊತೆಗೆ ಅಂತರವೂ ಉಂಟು.

ಯೂರೋಪಿನಲ್ಲಿಯೂ ಈ ಶಬ್ದದ ಅನುವಾದ ಇತ್ಯರ್ಥವಾದ ವಿಷಯವೇನಲ್ಲ. ಮಿಲ್ಟನ್ನನು ೧೬೭೧ರಲ್ಲಿ ತನ್ನ ಸ್ಯಾಮ್ಸನ್ ನಾಟಕಕ್ಕೆ ಬರೆದ ಮುನ್ನುಡಿಯಲ್ಲಿ ‘ಪಿಟಿ’ಯನ್ನು ಹಾಗೆಯೇ ಇಟ್ಟು, ‘ಫಿಯರ್’ ಎಂಬುದರ ಪಕ್ಕದಲ್ಲಿ ‘ಟೆರರ್’ ಎಂಬ ವಿಕಲ್ಪವನ್ನು ಕೊಟ್ಟನು. ಜರ್ಮನಿಯ ಲೆಸ್ಸಿಂಗನು ೧೭೬೭ರಿಂದ ೧೭೬೯ರವರೆಗಿನ ನಾಟಕವಿಮರ್ಶೆಗಳಲ್ಲಿ ‘ಸಹದುಃಖ’ವೆಂಬ ಅರ್ಥದ ಶಬ್ದವನ್ನು ಸ್ಥಿರಪಡಿಸಿದನು. ಅದರಲ್ಲಿ ಕ್ರೈಸ್ತದಯೆಯ ಬಣ್ಣ ಸೇರಿದೆಯೆಂದೂ, ಗ್ರೀಕರ ಎಲೆಯೊಸ್ ಅದಕ್ಕಿಂತ ಒರಟಾದ, ಒಡಲನ್ನೇ ಹಿಡಿದಲ್ಲಾಡಿಸುವ ಗೋಳೆಂದೂ ಶಾಡೆವಾಲ್ಟನು ೧೯೫೫ರಲ್ಲಿ ವಾದಿಸಿದನು. ಈ ವಾದವು ಎಲೆಯೊಸನ್ನು ಭಾರತೀಯರ ಶೋಕದ ಸಮೀಪಕ್ಕೆ ತರುತ್ತದೆಂಬುದು ನಿಜ. ಆದರೆ ಭಾವದ ತೀವ್ರತೆ ಎಷ್ಟೇ ಇರಲಿ, ಅನರ್ಹತೆಯೆಂಬ ನಿಯಮವು ಅರಿಸ್ಟಾಟಲನ ಮಾತಿನಲ್ಲಿಯೇ ಇದೆ. ಶೋಕಕ್ಕೆ ಆ ನಿಯಮವಿಲ್ಲ. ದುಷ್ಟನಾದ ಮಗ ಸತ್ತರೂ ತಾಯಿ ಶೋಕಿಸುತ್ತಾಳೆ.

೫. ಕರುಣರಸವೂ ಕರುಣೆಯೂ

ಭರತನ ನಾಟ್ಯಶಾಸ್ತ್ರದ ೬ನೆಯ ಅಧ್ಯಾಯದಲ್ಲಿ ಕರುಣದ ಸ್ಥಾಯಿಭಾವ ಶೋಕ. ಶಾಪ, ಇಷ್ಟಜನರ ಅಗಲಿಕೆ, ಸಂಪತ್ತಿನ ನಾಶ, ವಧೆ, ಸೆರೆ ಮೊದಲಾದುವು ಅದರ ವಿಭಾವಗಳು. ಆ ಪಟ್ಟಿಯಲ್ಲಿ ಅರ್ಹ, ಅನರ್ಹ ಎಂಬ ವಿಚಾರವಿಲ್ಲ. ವಿಪ್ರಲಂಭಕ್ಕೂ ಕರುಣಕ್ಕೂ ಭರತನು ಹೇಳುವ ಭೇದವು ಶೋಕದ ಸ್ವರೂಪವನ್ನು ಚೆನ್ನಾಗಿ ತಿಳಿಸುತ್ತದೆ: ವಿಪ್ರಲಂಭದಲ್ಲಿ ನಿರೀಕ್ಷೆಯುಂಟು, ಕರುಣದಲ್ಲಿ ಇಲ್ಲ. ಕಳೆದುಹೋದುದು ಮರಳಿ ಬಾರದೆಂಬುದೇ ಅದರ ಜೀವ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಲೋಹಿತಾಶ್ವನ ಶವವನ್ನು ಮುಂದಿಟ್ಟುಕೊಂಡು ಚಂದ್ರಮತಿಯು ಪ್ರಲಾಪಿಸುವಲ್ಲಿ ಆಲಂಬನ ಸತ್ತ ಮಗ, ಆಶ್ರಯ ತಾಯಿ, ಭಾವ ಶೋಕ. ಸಹೃದಯನು ಸಾಧಾರಣೀಕರಣದಿಂದ ಆ ಶೋಕವನ್ನೇ ರಸವಾಗಿ ಆಸ್ವಾದಿಸುತ್ತಾನೆ. ಚಂದ್ರಮತಿಯನ್ನು ಕಂಡು ‘ಅಯ್ಯೋ’ ಎನ್ನುವುದು ಬೇರೆ, ಚಂದ್ರಮತಿಯ ದುಃಖವು ರಸವಾಗಿ ಪರಿಣಮಿಸುವುದು ಬೇರೆ. ಮೊದಲನೆಯದು ಪಿಟಿ, ಎರಡನೆಯದು ಕರುಣ. ಪಿಟಿಯ ವಿಷಯ ಅಳುತ್ತಿರುವ ವ್ಯಕ್ತಿ. ಶೋಕದ ವಿಷಯ ಯಾರಿಗಾಗಿ ಅಳುತ್ತಿರುವರೋ ಆ ವ್ಯಕ್ತಿ. ಸಮೀಕರಣವು ಮುರಿದುಬೀಳುವುದು ಇಲ್ಲಿಯೇ.

ಈ ಎರಡರ ತೊಡಕು ಭಾರತೀಯ ಆಲಂಕಾರಿಕರಿಗೂ ಗೋಚರವಾಗಿತ್ತು. ರಾಮಾಯಣದ ಬಾಲಕಾಂಡದ ಎರಡನೆಯ ಸರ್ಗದಲ್ಲಿ ಬೇಡನ ಬಾಣಕ್ಕೆ ಬಿದ್ದ ಕ್ರೌಂಚವನ್ನು ಕಂಡ ಋಷಿಗೆ ಮೊದಲು ‘ಕಾರುಣ್ಯ’ ಉಂಟಾಯಿತೆಂದು ಹೇಳಿದೆ. ಬಳಿಕ ಋಷಿಯು ತಾನು ಶೋಕಾರ್ತನಾಗಿದ್ದೆನೆಂದು ಶಿಷ್ಯನಿಗೆ ಹೇಳುತ್ತಾನೆ. ಕಾರುಣ್ಯವು ನೋಡಿದವನದು, ಶೋಕವು ಸಂಗಾತಿಯನ್ನು ಕಳೆದುಕೊಂಡ ಹಕ್ಕಿಯದು. ಒಂದು ಇನ್ನೊಂದಾದ ಬಗೆ ಹೇಗೆ? ಈ ಸಂದೇಹ ಬಾರದಿರಲೆಂದೇ ಅಭಿನವಗುಪ್ತನು ಅದು ಮುನಿಯ ಸ್ವಂತ ಶೋಕವೆಂದು ಭಾವಿಸಬಾರದೆಂದು ವಿವರಿಸಿದನು. ಸ್ವಂತ ಶೋಕವಾಗಿದ್ದರೆ ಶ್ಲೋಕ ಹೊರಡುತ್ತಿರಲಿಲ್ಲ.

ಇನ್ನು ‘ಕರುಣೆ’ಯ ವಿಷಯ. ಕನ್ನಡವು ಒಂದೇ ಸಂಸ್ಕೃತಮೂಲದಿಂದ ರಸಕ್ಕೆ ‘ಕರುಣ’ವೆಂದೂ ಗುಣಕ್ಕೆ ‘ಕರುಣೆ’ಯೆಂದೂ ಎರಡು ರೂಪಗಳನ್ನು ಇಟ್ಟುಕೊಂಡಿದೆ. ಪತಂಜಲಿಯ ಯೋಗಸೂತ್ರದ ಮೊದಲನೆಯ ಪಾದದಲ್ಲಿಯೂ ಬೌದ್ಧರ ಬ್ರಹ್ಮವಿಹಾರಗಳಲ್ಲಿಯೂ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕು ಭಾವನೆಗಳುಂಟು. ಅಲ್ಲಿಯ ಕರುಣೆಯು ಸಾಧಿಸಿಕೊಂಡ ಗುಣ. ೫ನೆಯ ಶತಮಾನದ ಬುದ್ಧಘೋಷನು ವಿಸುದ್ಧಿಮಗ್ಗದಲ್ಲಿ ಕರುಣೆಗೆ ಇಬ್ಬರು ಶತ್ರುಗಳನ್ನು ಹೇಳುತ್ತಾನೆ: ದೂರದ ಶತ್ರು ಹಿಂಸೆ, ಹತ್ತಿರದ ಶತ್ರು, ಸಂಸಾರದಲ್ಲಿ ಬೇರೂರಿದ ದುಃಖ. ನಾಟ್ಯಶಾಸ್ತ್ರದಲ್ಲಿ ಶೋಕವು ಕರುಣರಸದ ತಾಯಿ. ಬೌದ್ಧಸಾಧನೆಯಲ್ಲಿ ಶೋಕವು ಕರುಣೆಯ ವೇಷ ಧರಿಸಿ ಬರುವ ವೈರಿ. ಒಂದೇ ಶಬ್ದದ ಎರಡು ರೂಪಗಳಿಗೆ ಇಷ್ಟು ಅಂತರವಿರುವಾಗ, ಪರಭಾಷೆಯ ಮೂರನೆಯ ಅರ್ಥವನ್ನೂ ಅದರ ಮೇಲೆ ಹೊರಿಸುವುದು ಉಚಿತವಲ್ಲ.

೬. ಕನ್ನಡದ ಶಬ್ದಸಂಪತ್ತು

ಹಾಗಾದರೆ ಪಿಟಿಗೆ ಕನ್ನಡದಲ್ಲಿ ಯಾವ ಮಾತು? ‘ದಯೆ’ಯ ಧಾತುವಿಗೆ ಸಂಸ್ಕೃತದ ಧಾತುಪಾಠದಲ್ಲಿ ಕೊಡುವುದು, ಕಾಪಾಡುವುದು ಮೊದಲಾದ ಅರ್ಥಗಳಿವೆ, ಕೊಡುವ ಕೈಯನ್ನು ಅದು ನೆನಪಿಗೆ ತರುತ್ತದೆ. ಅದೂ ‘ಕೃಪೆ’ಯೂ ಮರ್ಸಿಗೆ ಹತ್ತಿರ. ‘ಅನುಕಂಪ’ವು ಕಂಪ್ಯಾಷನ್‌ಗೆ ಹತ್ತಿರ, ಮೃತ ನೌಕರನ ಕುಟುಂಬದವರಿಗೆ ಕೆಲಸ ಕೊಡುವ ವಿಷಯದಲ್ಲಿ ‘ಅನುಕಂಪದ ಆಧಾರದ ಮೇಲೆ ನೇಮಕ’ ಎಂದು ಕರ್ನಾಟಕದ ಕಚೇರಿಗಳಲ್ಲಿ ಬಳಸುವುದು ಇಂಗ್ಲಿಷಿನ ಈ ಶಬ್ದಕ್ಕಾಗಿಯೇ.

ಜನರ ಬಾಯಲ್ಲಿ ಪಿಟಿಗೆ ಸಮಾನವಾದ ಉದ್ಗಾರ ‘ಅಯ್ಯೋ ಪಾಪ!’ ಎಂಬುದು. ತೆಲುಗು, ತಮಿಳು, ಮಲೆಯಾಳಗಳಲ್ಲಿಯೂ ಈ ಶಬ್ದಕ್ಕೆ ಇದೇ ಬಳಕೆಯುಂಟು. ಪುಣ್ಯದ ವಿರುದ್ಧವಾದ ಶಬ್ದವು ಮರುಕದ ಮಾತಾದುದು ವಿಸ್ಮಯಕರ. ಬಂದ ಕಷ್ಟಕ್ಕೆ ಹಿಂದಿನ ಕರ್ಮ ಕಾರಣವೆಂಬ ನಂಬಿಕೆ ಇದರ ಮೂಲದಲ್ಲಿರಬಹುದೆಂದು ಊಹಿಸಬಹುದು. ಆದರೆ ರೂಢಿಯಲ್ಲಿ ‘ಪಾಪ, ಏನೂ ಅರಿಯದವನು’ ಎಂದು ನಿರಪರಾಧಿಯ ವಿಷಯದಲ್ಲಿಯೇ ಅದನ್ನು ಆಡುತ್ತಾರೆ. ಕರಾವಳಿಯಲ್ಲಿ ‘ಪಾಪದವರು’ ಎಂದರೆ ಬಡವರು, ಸಾಧುಗಳು. ರೋಮನರ ಪುಣ್ಯವಾಚಕವು ಇಂಗ್ಲಿಷಿನಲ್ಲಿ ಇಳಿದಿಳಿದು ಮರುಕವಾಯಿತು. ಕನ್ನಡಿಗರ ಪಾಪವಾಚಕವು ಏರಿ ಮರುಕವಾಯಿತು. ಅರಿಸ್ಟಾಟಲನು ಬಯಸಿದ ಅನರ್ಹತೆಯ ತೀರ್ಪು ಈ ಹಳ್ಳಿಯ ಮಾತಿನಲ್ಲಿ ತಾನಾಗಿ ಕುಳಿತಿದೆ.

ಆದರೆ ಉದ್ಗಾರವು ಪರಿಭಾಷೆಯಾಗಲಾರದು. ಪರಿಭಾಷೆಗೆ ತಕ್ಕ ಶಬ್ದ ‘ಮರುಕ’. ಒಳಗೇ ನೊಂದುಕೊಳ್ಳುವುದೆಂಬ ಅರ್ಥದ ‘ಮರುಗು’ ಧಾತುವಿನಿಂದ ಅದು ಬಂದಿದೆ. ಹಳಗನ್ನಡದಲ್ಲಿ ಸ್ವಂತ ದುಃಖಕ್ಕೂ ಸಲ್ಲುತ್ತಿದ್ದ ಅದು ಹೊಸಗನ್ನಡದಲ್ಲಿ ಪರರ ದುಃಖಕ್ಕೆ ಮೀಸಲಾಯಿತು. ಅದರಲ್ಲಿ ಶೋಕದ ಬಿಸಿಯೂ ಉಂಟು, ನೋಡುವವನ ಅಂತರವೂ ಉಂಟು. ದಯೆಯಲ್ಲಿರುವ ಅಧಿಕಾರವಾಗಲಿ, ಕರುಣೆಯಲ್ಲಿರುವ ಸಾಧನೆಯಾಗಲಿ, ಕರುಣದಲ್ಲಿರುವ ರಸಪರಿಭಾಷೆಯಾಗಲಿ ಅದಕ್ಕೆ ಅಂಟಿಲ್ಲ. ‘ಕನಿಕರ’ವೂ ಸಮೀಪದ್ದೇ, ಆದರೆ ಅದರಲ್ಲಿ ನೋವಿಗಿಂತ ಸಹಾಯಮಾಡುವ ಇಚ್ಛೆ ಹೆಚ್ಚು.

೭. ಎರಡು ನಿದರ್ಶನಗಳು

ಒಥೆಲೊ ನಾಟಕದ ಮೊದಲನೆಯ ಅಂಕದ ಮೂರನೆಯ ದೃಶ್ಯದಲ್ಲಿ, ತಾನು ಪಟ್ಟ ಅಪಾಯಗಳ ಕಥೆಯನ್ನು ಕೇಳಿ ಡೆಸ್ಡಿಮೋನ ಪಿಟಿಗೊಂಡಳೆಂದೂ ಅದಕ್ಕಾಗಿ ತಾನು ಅವಳನ್ನು ಪ್ರೀತಿಸಿದೆನೆಂದೂ ನಾಯಕನು ಸಭೆಗೆ ನಿವೇದಿಸುತ್ತಾನೆ. ಇಲ್ಲಿ ಪಿಟಿಯು ಚಾಸರನ ಕುಲೀನಹೃದಯದ ಮೃದುತ್ವ, ಒಲುಮೆಯ ಬಾಗಿಲು. ನಾಲ್ಕನೆಯ ಅಂಕದ ಮೊದಲನೆಯ ದೃಶ್ಯದಲ್ಲಿ ಅವಳನ್ನು ಕೊಲ್ಲಲು ನಿಶ್ಚಯಿಸುವಾಗ ಅದೇ ಶಬ್ದ 그ವನ ಬಾಯಿಂದ ಮತ್ತೆ ಮತ್ತೆ ಹೊರಡುತ್ತದೆ. ಅಲ್ಲಿ ಅದು ಅವಳ ಮೇಲಿನ ಮರುಕ ಮಾತ್ರವಲ್ಲ; ಸುಂದರವಾದುದೊಂದು ಹಾಳಾಯಿತಲ್ಲಾ ಎಂಬ ಅಳಲು. ಮೊದಲನೆಯದಕ್ಕೆ ‘ಮರುಕ’ ಸರಿ. ಎರಡನೆಯದಕ್ಕೆ ‘ಎಂಥ ಅನ್ಯಾಯವಾಯಿತು’ ಎಂಬ ಧಾಟಿಯ ಮಾತು ಬೇಕು.

ಕನ್ನಡದಲ್ಲಿ ರನ್ನನ ಗದಾಯುದ್ಧವನ್ನು ತೆಗೆದುಕೊಳ್ಳಬಹುದು. ರಣರಂಗದಲ್ಲಿ ದ್ರೋಣ, ದುಶ್ಶಾಸನ, ಕರ್ಣರ ಶವಗಳನ್ನು ಒಂದೊಂದಾಗಿ ಕಾಣುತ್ತ ದುರ್ಯೋಧನನು ಗೋಳಿಡುವಲ್ಲಿ ಕರುಣರಸ ಪೂರ್ಣವಾಗಿದೆ. ಅದಕ್ಕೆ ಆತನ ಪಾಪಪುಣ್ಯಗಳ ಲೆಕ್ಕ ಬೇಕಿಲ್ಲ. ಆದರೆ ‘ದುರ್ಯೋಧನನು ಮರುಕಕ್ಕೆ ಪಾತ್ರನೇ?’ ಎಂಬುದು ಬೇರೊಂದು ಪ್ರಶ್ನೆ. ಅದನ್ನು ಕೇಳಿದೊಡನೆ ದ್ರೌಪದಿಯ ಮಾನಭಂಗ ಒಂದು ತಟ್ಟೆಯಲ್ಲಿಯೂ, ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯವನ್ನು ಹೊಗಳುವ ಆತನ ಔದಾರ್ಯ ಇನ್ನೊಂದು ತಟ್ಟೆಯಲ್ಲಿಯೂ ಬಂದು ನಿಲ್ಲುತ್ತವೆ. ಈ ಕಾವ್ಯವನ್ನು ಬಿ. ಎಂ. ಶ್ರೀಕಂಠಯ್ಯನವರು ನಾಟಕರೂಪಕ್ಕೆ ತಂದಾಗ ದುರ್ಯೋಧನನು ರುದ್ರನಾಟಕದ ನಾಯಕನಾಗಿ ಎದ್ದುನಿಂತನು; ಎಂದರೆ ಓದುಗರು ಎರಡನೆಯ ಪ್ರಶ್ನೆಯನ್ನು ಎದುರಿಸಬೇಕಾಯಿತು. ಕರುಣ ಮತ್ತು ಪಿಟಿ ಒಂದೇ ಎಂದು ಹೇಳಿಬಿಟ್ಟರೆ ಈ ಎರಡು ಪ್ರಶ್ನೆಗಳು ಒಂದಾಗಿ, ಕಾವ್ಯದ ಅರ್ಧಭಾಗದ ವಿಚಾರವೇ ತಪ್ಪಿಹೋಗುತ್ತದೆ.

ಇದುವರೆಗಿನ ವಿವೇಚನೆಯಿಂದ ತೇಲುವುದಿಷ್ಟು: ಅರಿಸ್ಟಾಟಲನ ಪ್ರಸಂಗದಲ್ಲಿ ಪಿಟಿಗೆ ‘ಮರುಕ’, ಕಂಪ್ಯಾಷನ್‌ಗೆ ‘ಅನುಕಂಪ’ ಅಥವಾ ‘ಕರುಣೆ’, ಸಿಂಪತಿಗೆ ‘ಸಹಾನುಭೂತಿ’, ಮರ್ಸಿಗೆ ಸಂದರ್ಭಾನುಸಾರ ‘ದಯೆ’, ‘ಕೃಪೆ’, ‘ಕ್ಷಮೆ’, ‘ಕರುಣ’ವೆಂಬ ರೂಪವು ರಸಕ್ಕೆ ಮಾತ್ರ ಮೀಸಲು. ಶಬ್ದಗಳನ್ನು ಹೀಗೆ ಬೇರೆ ಬೇರೆ ಇರಿಸಿದರೆ ಎರಡು ಕಾವ್ಯಮೀಮಾಂಸೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಗುವುದು. ಒಂದು ಪ್ರೇಕ್ಷಕನನ್ನು ‘ಇವನಿಗೆ ಹೀಗಾಗಬಹುದೆ?’ ಎಂದು ಕೇಳಿಸುತ್ತದೆ. ಇನ್ನೊಂದು ಆ ಪ್ರಶ್ನೆಯನ್ನು ಬದಿಗಿರಿಸಿ, ಕಳೆದುಹೋದುದರ ಎದುರಿನಲ್ಲಿ ಅವನನ್ನು ನಿಲ್ಲಿಸುತ್ತದೆ. ವಿದ್ಯಾರ್ಥಿಯು ಎರಡನ್ನೂ ಅರಿಯಬೇಕಾದರೆ ಅವುಗಳಿಗೆ ಎರಡು ಹೆಸರುಗಳಿರುವುದು ಅವಶ್ಯಕ.